ಆರತಿಗೆ ಮೂವರು

"ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ" ಎಂಬ ಮಾತನ್ನು ಕೇಳದ ಕನ್ನಡಿಗರಿಲ್ಲ. ಮದುವೆಯ ಮನೆಯಲ್ಲಿ ಹಿರಿಯರು ವಧೂವರರನ್ನು ಹರಸುವಾಗಲೂ, ತೊಟ್ಟಿಲ ಶಾಸ್ತ್ರದ ದಿನ ಮುತ್ತೈದೆಯರು ನಾಲ್ಕು ಮಾತನಾಡುವಾಗಲೂ ಈ ಗಾದೆಯು ತಾನಾಗಿಯೇ ಬಾಯಿಗೆ ಬರುವುದು. ಕೇಳುವುದಕ್ಕೆ ಇಂಪಾದ ಮಾತೇ ಅಹುದು. ಆದರೆ ಅದರೊಳಗಿನ ಲೆಕ್ಕವನ್ನು ಸ್ವಲ್ಪ ನಿಧಾನಿಸಿ ನೋಡಿದರೆ, ಮಗಳ ಪಾಲಿಗೆ ತಟ್ಟೆ, ಮಗನ ಪಾಲಿಗೆ ಹೆಸರು ಎಂದು ಮಕ್ಕಳು ಹುಟ್ಟುವ ಮೊದಲೇ ಹಂಚಿಕೆಯಾಗಿಹೋಗಿರುವುದು ಕಾಣುತ್ತದೆ. ಮೇಲಾಗಿ, ಆರತಿಗೆ ಒಬ್ಬಳು ಸಾಕು. ಎರಡನೆಯವಳೂ ಮೂರನೆಯವಳೂ ಬಂದರೆ ಅವರು ಯಾತಕ್ಕೆ ಎಂಬ ಪ್ರಶ್ನೆಗೆ ಆ ಗಾದೆಯಲ್ಲಿ ಉತ್ತರವೇ ಇಲ್ಲ.

ಈ ಪ್ರಶ್ನೆಯನ್ನು ನಾವು ಪಾಂಡಿತ್ಯಪ್ರದರ್ಶನಕ್ಕಾಗಿ ಎತ್ತಿದವರಲ್ಲ. ನಮಗೆ ಮೂವರು ಹೆಣ್ಣುಮಕ್ಕಳು. ಹಿರಿಯವಳಿಗೆ ಒಂಬತ್ತು ವರ್ಷ, ನಡುವಿನವಳಿಗೆ ಆರು. ಕಿರಿಯವಳು ಇನ್ನೂ ಗೋಡೆ ಹಿಡಿದು ನಿಲ್ಲುವುದನ್ನು ಕಲಿಯುತ್ತಿರುವಳು. ಗಂಡುಮಕ್ಕಳಿಲ್ಲ. ಈ ಮೂವರನ್ನು ಬೆಳೆಸುವುದರಲ್ಲಿ ನಾವು ಕಂಡ ಸುಖವನ್ನೂ, ಕಲಿತ ಪಾಠವನ್ನೂ, ಮಾಡಿದ ಒಂದು ತಪ್ಪನ್ನೂ ಈ ಪತ್ರಿಕೆಯ ವಾಚಕರ ಮುಂದೆ, ಮುಖ್ಯವಾಗಿ ನಮ್ಮಂತೆಯೇ ತಂದೆಯರಾಗಿರುವವರ ಮುಂದೆ, ಬಿಚ್ಚಿಡಬೇಕೆಂದು ಬಹುದಿನಗಳಿಂದ ಮನಸ್ಸಿನಲ್ಲಿದ್ದಿತು.

ತಪ್ಪಿನಿಂದಲೇ ಪ್ರಾರಂಭಿಸುವುದು ಲೇಸು. ಕಿರಿಯವಳು ಹುಟ್ಟಿದ ದಿನ ನಾವು ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತು ಮನೆಗೆ ಫೋನು ಮಾಡಿದೆವು. ನಮ್ಮ ತಾಯಿಯವರು ದೇವರ ಮುಂದೆ ಕುಳಿತಿದ್ದರಾಗಿ ಹಿರಿಯವಳು ಓಡಿಬಂದು ಫೋನನ್ನು ಎತ್ತಿಕೊಂಡಳು.

"ಅಪ್ಪಾ, ಪಾಪು ಬಂತಾ?"

"ಬಂತು ಮಗು. ಇದೂ ಹೆಣ್ಣು. ಅಜ್ಜಿಗೆ ಹೇಳು."

ಆ ಕಡೆಯಿಂದ ಒಂದು ಕ್ಷಣ ಸದ್ದಿಲ್ಲ. ಆಮೇಲೆ "ಸರಿ" ಎಂದು ಒಂದು ಮಾತು ಮಾತ್ರ ಬಂದಿತು. ತಾಯಿಯೂ ಮಗುವೂ ಕ್ಷೇಮವಾಗಿದ್ದರೆಂಬ ನೆಮ್ಮದಿಯಲ್ಲಿ ನಾವು ಆ ಮೌನವನ್ನು ಗಮನಿಸಲಿಲ್ಲ. "ಇದೂ" ಎಂಬ ನಮ್ಮ ಮಾತಿನಲ್ಲಿದ್ದ ಒಂದು ದೀರ್ಘಸ್ವರವು ಯಾವ ಕೆಲಸವನ್ನು ಮಾಡಿತ್ತೆಂಬುದು ನಮಗೆ ಗೊತ್ತಾದುದು ಆರು ತಿಂಗಳಾದ ಮೇಲೆ.

ನೋಡುವುದಕ್ಕೆ ಬಂದ ನೆಂಟರಿಷ್ಟರ ವಿಷಯವನ್ನು ಏನೆಂದು ಹೇಳೋಣ! "ಹೋಗಲಿ ಬಿಡಿ, ಮಹಾಲಕ್ಷ್ಮಿ ಬಂದಳೆಂದುಕೊಳ್ಳಿ" ಎಂದು ಹಲವರು ಸಮಾಧಾನ ಹೇಳಿದರು. ಮೂವರು ಗಂಡುಮಕ್ಕಳ ತಂದೆಗೆ "ಹೋಗಲಿ ಬಿಡಿ" ಎಂದು ಯಾರಾದರೂ ಹೇಳಿದುದನ್ನು ನಾವು ಕೇಳಿಲ್ಲ. ಇನ್ನು ಕೆಲವರು ಬಾಣಂತಿಯ ಕಡೆಗೆ ತಿರುಗಿ, ಅವಳೇ ಏನೋ ಕೊರತೆ ಮಾಡಿದಳೋ ಎಂಬಂತೆ ನಿಟ್ಟುಸಿರಿಟ್ಟರು. ಹುಟ್ಟುವ ಶಿಶುವು ಗಂಡೋ ಹೆಣ್ಣೋ ಎಂಬುದು ತಂದೆಯಿಂದ ಬರುವ ವರ್ಣತಂತುವಿನ ಮೇಲೆ ನಿಂತಿರುವುದೇ ಹೊರತು ತಾಯಿಯಿಂದ ಅಲ್ಲ. ಈ ಸಂಗತಿಗೆ ಆಧಾರವಾದ ಶೋಧನೆಯನ್ನು ೧೯೦೫ರಲ್ಲಿ, ಹಿಟ್ಟಿನಲ್ಲಿ ಬೆಳೆಯುವ ಒಂದು ಸಣ್ಣ ಹುಳುವನ್ನು ಪರೀಕ್ಷಿಸಿ, ಅಮೆರಿಕದ ನೆಟ್ಟಿ ಸ್ಟೀವನ್ಸ್ ಎಂಬ ವಿದುಷಿಯು ಪ್ರಕಟಿಸಿದಳು. ಒಬ್ಬ ಹೆಣ್ಣುಮಗಳೇ ಈ ಗಂಟನ್ನು ಬಿಚ್ಚಿಕೊಟ್ಟು ನೂರು ವರ್ಷಗಳು ಕಳೆದಿದ್ದರೂ ನಮ್ಮ ಬಾಣಂತಿಯರ ಕೋಣೆಗೆ ಆ ಸುದ್ದಿಯು ಇನ್ನೂ ಪೂರ್ತಿಯಾಗಿ ತಲುಪಿಲ್ಲ.

ಇರಲಿ. ಮನೆಯಾಕೆಯು ಬಾಣಂತನದಲ್ಲಿದ್ದ ಕಾಲದಲ್ಲಿ ತಾಯಿಮಗುವಿನ ಆರೈಕೆಯನ್ನು ನಮ್ಮ ತಾಯಿಯವರು ವಹಿಸಿಕೊಂಡರು. ಹಿರಿಯ ಹುಡುಗಿಯರಿಬ್ಬರು ನಮ್ಮ ಪಾಲಿಗೆ ಬಂದರು. ಅದುವರೆಗೆ ನಾವು ಮಕ್ಕಳನ್ನು ಪ್ರೀತಿಸಿದ್ದೆವೇ ಹೊರತು ಸಾಕಿರಲಿಲ್ಲ; ಇವೆರಡರ ನಡುವಿನ ಅಂತರವು ಮೊದಲನೆಯ ಬೆಳಗಿನಲ್ಲಿಯೇ ನಮಗೆ ವಿಶದವಾಯಿತು.

ಮೊದಲ ಪರೀಕ್ಷೆಯು ತಲೆ ಬಾಚುವುದು. ಶಾಲೆಗೆ ಎರಡು ಜಡೆ ಹಾಕಿಕೊಂಡು ಹೋಗಬೇಕು. ಎರಡಕ್ಕೂ ಟೇಪು ಕಟ್ಟಬೇಕು. ನಾವು ಬಾಚಣಿಗೆಯನ್ನು ನೆತ್ತಿಯಿಂದ ಎಳೆದೆವು, ನಡುವಿನವಳು ಕಿರುಚಿಕೊಂಡಳು. ಬೈತಲೆ ಎಡಕ್ಕೆ ಹೋಯಿತು. ಒಂದು ಜಡೆ ಕಿವಿಯ ಮೇಲೆ, ಮತ್ತೊಂದು ಕತ್ತಿನ ಕೆಳಗೆ ಬಂದಿತು. ಆ ದಿನ ಹುಡುಗಿಯು ಶಾಲೆಯಿಂದ ಬಂದು, "ಮಿಸ್ಸು ಮತ್ತೆ ಹಾಕಿಕೊಟ್ಟರು" ಎಂದು ಬಹಳ ಮರ್ಯಾದೆಯಿಂದ ತಿಳಿಸಿದಳು. ರಾತ್ರಿ ಬಾಣಂತಿಯು ಮಲಗಿದ್ದಲ್ಲಿಂದಲೇ ನಮಗೆ ಪಾಠ ಹೇಳಿದಳು: "ತುದಿಯಿಂದ ಬಿಡಿಸಿಕೊಂಡು ಮೇಲಕ್ಕೆ ಬನ್ನಿ. ಸಿಕ್ಕಿನ ಮೇಲ್ಗಡೆ ಕೂದಲನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳಿ. ಆಗ ಎಳೆದರೂ ಬುಡಕ್ಕೆ ನೋವಾಗುವುದಿಲ್ಲ." ಎಷ್ಟು ಸುಲಭವಾದ ಮಾತು! ಆದರೆ ನಲವತ್ತು ವರ್ಷದ ಗಂಡಸೊಬ್ಬನು ತಾಯಿ, ಅಕ್ಕ, ಹೆಂಡತಿಯರ ನಡುವೆಯೇ ಬಾಳಿಯೂ ಇದನ್ನು ತಿಳಿಯದೆ ಇದ್ದನು.

ಒಂದು ತಿಂಗಳೊಳಗೆ ಮೂರು ಕಾಲಿನ ಜಡೆ ಕೈಗೆ ಬಂದಿತು. ಶನಿವಾರ ಸಂಜೆ ದೇವರಾಜ ಮಾರುಕಟ್ಟೆಗೆ ಹೋಗಿ ಮಲ್ಲಿಗೆಯನ್ನು ಮೊಳ ಹಾಕಿಸಿ ತರುವುದೂ, ಭಾನುವಾರ ಹರಳೆಣ್ಣೆ ಹಚ್ಚಿ ಸೀಗೆಪುಡಿಯಲ್ಲಿ ತಲೆ ತಿಕ್ಕುವುದೂ, ಶಾಲೆಯಿಂದ ಹೇನು ಹತ್ತಿಸಿಕೊಂಡು ಬಂದ ವಾರದಲ್ಲಿ ದೀಪದ ಕೆಳಗೆ ಕುಳಿತು ಸೀರು ಹೆಕ್ಕುವುದೂ ನಮ್ಮ ದಿನಚರಿಯಲ್ಲಿ ಸೇರಿದುವು. ಇವುಗಳಲ್ಲಿ ಘನವಾದ ಕಾರ್ಯ ಯಾವುದೂ ಇಲ್ಲವೆಂದು ತೋರಬಹುದು. ಆದರೆ ಮಗುವಿನ ತಲೆಯು ಕೈಯಲ್ಲಿರುವಾಗ ಅದು ನಮಗೆ ಬೆನ್ನು ಮಾಡಿ ಕುಳಿತಿರುತ್ತದೆ. ಮುಖಾಮುಖಿಯಾಗಿ ಕೇಳಿದರೆ ಹೇಳದ ಮಾತುಗಳನ್ನೆಲ್ಲ ಆಗ ಹೇಳುತ್ತದೆ. ಲೆಕ್ಕದಲ್ಲಿ ತಪ್ಪಾದುದು, ಗೆಳತಿಯೊಡನೆ ಠೂ ಬಿಟ್ಟುದು, ಕತ್ತಲೆಯಲ್ಲಿ ಬಚ್ಚಲಮನೆಗೆ ಹೋಗಲು ಹೆದರಿಕೆಯಾಗುವುದು, ಇವನ್ನೆಲ್ಲ ನಾವು ತಿಳಿದುದು ಬಾಚಣಿಗೆಯ ಮೂಲಕವೇ. ತಂದೆಯರೇ, ಮಗಳ ಮನಸ್ಸನ್ನು ತಿಳಿಯಬೇಕೆಂದಿದ್ದರೆ ಮೊದಲು ಅವಳ ಜಡೆ ಹೆಣೆಯುವುದನ್ನು ಕಲಿಯಿರಿ.

ಈ ಕೆಲಸಗಳೆಲ್ಲ ಸದಾ ಸಂತೋಷದಿಂದಲೇ ನಡೆದುವೆಂದು ಹೇಳಿದರೆ ಅದು ಸುಳ್ಳು. ಒಂದು ಸೀಸಕಡ್ಡಿಗಾಗಿ ಅಕ್ಕತಂಗಿಯರು ಬೀದಿಗೆ ಕೇಳುವಂತೆ ಜಗಳವಾಡುವರು. ವ್ಯಾನು ಬಾಗಿಲಿಗೆ ಬಂದು ನಿಂತ ಮೇಲೆ ಒಬ್ಬಳ ಕಾಲುಚೀಲವು ಕಾಣದೆ ಹೋಗುವುದು. ಕಟ್ಟಿಕೊಟ್ಟ ಡಬ್ಬಿಯು ಸಂಜೆ ಹಾಗೆಯೇ ಹಿಂದಿರುಗುವುದು. ನಾವು ಗದರಿಸಿದ್ದೂ ಉಂಟು, ಗದರಿಸಿ ಪಶ್ಚಾತ್ತಾಪಪಟ್ಟುದೂ ಉಂಟು. "ಹೆಣ್ಣುಮಕ್ಕಳು ಮೆತ್ತಗಿರುವರು, ಹೇಳಿದಂತೆ ಕೇಳುವರು" ಎಂದು ನಮಗೆ ಹೇಳಿದವರು ಹೆಣ್ಣುಮಕ್ಕಳನ್ನು ದೂರದಿಂದ ನೋಡಿದವರೇ ಇರಬೇಕು.

ಮಳೆಗಾಲದ ಸಂಜೆಗಳಲ್ಲಿ ಅಟ್ಟದಿಂದ ಅಳಗುಳಿಮಣೆಯನ್ನು ಇಳಿಸಿದೆವು. ಅದು ನಮ್ಮ ತಾಯಿಯವರು ತವರಿನಿಂದ ತಂದುದು. ಎರಡು ಸಾಲಿನಲ್ಲಿ ಏಳೇಳು ಗುಳಿ, ಆಟಕ್ಕೆ ಹುಣಿಸೆಯ ಬೀಜ. ಒಂದು ಸಂಜೆ ಆಟ ಮುಗಿದ ಮೇಲೆ ಹಿರಿಯವಳಿಗೆ ಭಾಸ್ಕರಾಚಾರ್ಯರ ಕಥೆಯನ್ನು ಹೇಳಿದೆವು. ೧೧೧೪ರಲ್ಲಿ ಹುಟ್ಟಿದ ಆ ಮಹಾಗಣಿತಜ್ಞರು ತಮ್ಮ ಮೂವತ್ತಾರನೆಯ ವಯಸ್ಸಿನಲ್ಲಿ "ಸಿದ್ಧಾಂತಶಿರೋಮಣಿ"ಯನ್ನು ರಚಿಸಿದರು. ಅದರ ಅಂಕಗಣಿತದ ಭಾಗಕ್ಕೆ "ಲೀಲಾವತಿ" ಎಂದು ಹೆಸರು. ಲೀಲಾವತಿಯು ಅವರ ಮಗಳೆಂದೂ, ಅವಳ ಲಗ್ನದ ಮುಹೂರ್ತವನ್ನು ತೋರಿಸಬೇಕಾಗಿದ್ದ ಗಳಿಗೆಬಟ್ಟಲಿನ ರಂಧ್ರಕ್ಕೆ ಅವಳ ಆಭರಣದ ಮುತ್ತೊಂದು ಬಿದ್ದು, ನೀರು ನಿಂತು, ಮುಹೂರ್ತವು ಮೀರಿಹೋಯಿತೆಂದೂ, ದುಃಖಿತಳಾದ ಮಗಳಿಗೆ ಅವಳ ಹೆಸರು ಎಂದೆಂದಿಗೂ ನಿಲ್ಲುವಂತಹ ಗ್ರಂಥವನ್ನು ಬರೆದುಕೊಡುವೆನೆಂದು ತಂದೆಯು ಮಾತು ಕೊಟ್ಟನೆಂದೂ ಐತಿಹ್ಯವಿದೆ. ಈ ಕಥೆಯು ೧೫೮೭ರಲ್ಲಿ ಫೈಜಿಯು ಮಾಡಿದ ಪಾರಸಿ ಭಾಷಾಂತರದಲ್ಲಿ ದೊರೆಯುವುದು. ಕಥೆ ನಿಜವೋ ಅಲ್ಲವೋ ವಿದ್ವಾಂಸರು ವಿಚಾರಿಸಲಿ. ಆ ಗ್ರಂಥದ ಪ್ರಶ್ನೆಗಳನ್ನು ಹಲವೆಡೆ ಒಬ್ಬ ಬಾಲಿಕೆಯನ್ನು ಸಂಬೋಧಿಸಿಯೇ ಕೇಳಿರುವುದಂತೂ ನಿಜ.

"ಹಾಗಾದರೆ ಒಂದು ಲೆಕ್ಕ ಹೇಳು" ಎಂದಳು. ಹೇಳಿದೆವು: ಒಂದು ದುಂಬಿಗಳ ಹಿಂಡು. ಅದರಲ್ಲಿ ಐದರಲ್ಲೊಂದು ಪಾಲು ಕದಂಬದ ಹೂವಿಗೆ ಹೋಯಿತು. ಮೂರರಲ್ಲೊಂದು ಪಾಲು ಬೇರೊಂದು ಹೂವಿಗೆ ಹೋಯಿತು. ಈ ಎರಡು ಪಾಲುಗಳ ವ್ಯತ್ಯಾಸದ ಮೂರರಷ್ಟು ಕೊಡಸಿಗೆಯ ಹೂವಿಗೆ ಹೋಯಿತು. ಒಂದು ದುಂಬಿ ಮಾತ್ರ ಆಕಾಶದಲ್ಲಿ ಅಲೆಯುತ್ತ ಉಳಿಯಿತು. ಹಿಂಡಿನಲ್ಲಿ ದುಂಬಿಗಳೆಷ್ಟು?

ಅವಳು ಹುಣಿಸೆಯ ಬೀಜಗಳನ್ನು ಮುಂದಿಟ್ಟುಕೊಂಡಳು. ಐದಕ್ಕೂ ಮೂರಕ್ಕೂ ಸರಿಯಾಗಿ ಹೋಗಬೇಕೆಂದು ಮೂವತ್ತು ಬೀಜ ಎಣಿಸಿದಳು. ಆರು ಒಂದು ಗುಳಿಗೆ, ಹತ್ತು ಇನ್ನೊಂದಕ್ಕೆ. ವ್ಯತ್ಯಾಸ ನಾಲ್ಕು, ಅದರ ಮೂರರಷ್ಟು ಹನ್ನೆರಡು ಮತ್ತೊಂದಕ್ಕೆ. ಕೈಯಲ್ಲಿ ಎರಡು ಬೀಜ ಮಿಕ್ಕಿತು. ಹುಬ್ಬು ಗಂಟಿಕ್ಕಿ ಎಷ್ಟೋ ಹೊತ್ತು ನೋಡಿದಳು. "ಎರಡು ಮಿಕ್ಕಿತು, ಒಂದೇ ಮಿಗಬೇಕು. ಹಾಗಾದರೆ ಎಲ್ಲಾ ಅರ್ಧ ಮಾಡಬೇಕು! ಹದಿನೈದು!" ನಾವು ಅವಳಿಗೆ ಈ ಉಪಾಯವನ್ನು ಕಲಿಸಿರಲಿಲ್ಲ. ಎಂಟುನೂರು ವರ್ಷಗಳಿಗೂ ಹಿಂದೆ ಕೇಳಿದ ಪ್ರಶ್ನೆಯೊಂದು ನಮ್ಮ ನಡುಮನೆಯಲ್ಲಿ ಉತ್ತರ ಪಡೆಯಿತು. ಆ ಕ್ಷಣದ ಸಂತೋಷಕ್ಕೆ ಸಮನಾದುದನ್ನು ನಾವು ಕಚೇರಿಯಲ್ಲಿ ಬಡ್ತಿ ಬಂದಾಗಲೂ ಕಾಣಲಿಲ್ಲ.

ಮಗಳಿಗೆ ಜಗತ್ತನ್ನು ತಿಳಿಸಿಕೊಡುವುದು ತಂದೆಯ ಕೆಲಸವೆಂದು ತಿಳಿದವರು ನಮ್ಮ ದೇಶದಲ್ಲಿ ಈಚೆಗೂ ಇದ್ದರು. ೧೯೨೮ರ ಬೇಸಗೆಯಲ್ಲಿ ಜವಾಹರಲಾಲ ನೆಹರೂರವರು ಅಲಹಾಬಾದಿನಿಂದ, ಮಸ್ಸೂರಿಯಲ್ಲಿದ್ದ ತಮ್ಮ ಹತ್ತು ವರ್ಷದ ಒಬ್ಬಳೇ ಮಗಳಿಗೆ, ಭೂಮಿಯ ಹುಟ್ಟನ್ನೂ ಮನುಷ್ಯಕುಲದ ಆದಿಯನ್ನೂ ಕುರಿತು ಪತ್ರಗಳನ್ನು ಬರೆದರು. ಅವು ಮರುವರ್ಷ ಪುಸ್ತಕವಾಗಿ ಹೊರಬಂದುವು. ಮುಂದೆ ೧೯೩೦ರಿಂದ ೧೯೩೩ರವರೆಗೆ ಬಹುಮಟ್ಟಿಗೆ ಸೆರೆಮನೆಗಳಲ್ಲಿದ್ದುಕೊಂಡೇ ಪ್ರಪಂಚದ ಇತಿಹಾಸವನ್ನೆಲ್ಲ ಆ ಬಾಲಿಕೆಗೆ ಪತ್ರರೂಪದಲ್ಲಿ ತಿಳಿಸಿದರು. ಎಲ್ಲ ತಂದೆಯರಿಗೂ ಅಷ್ಟು ವಿದ್ಯೆಯಿಲ್ಲ. ಎಲ್ಲ ಹೆಣ್ಣುಮಕ್ಕಳೂ ಪ್ರಧಾನಮಂತ್ರಿಗಳಾಗುವುದಿಲ್ಲ. ಆದರೆ ಮಗಳು ಕೇಳಿದ ಪ್ರಶ್ನೆಗೆ "ನಿನಗೇಕೆ ಅದೆಲ್ಲ?" ಎನ್ನದೆ ಉತ್ತರ ಕೊಡುವುದಕ್ಕೆ ಸೆರೆಮನೆಗೂ ಹೋಗಬೇಕಾಗಿಲ್ಲ, ಪಂಡಿತನೂ ಆಗಬೇಕಾಗಿಲ್ಲ.

ಉತ್ತರ ಗೊತ್ತಿಲ್ಲದಿದ್ದರೆ ಜೊತೆಯಲ್ಲಿ ಹುಡುಕಬಹುದು. ಒಂದು ಭಾನುವಾರ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತಿರಲು, ನೀರಿನ ಮೇಲೆ ಹೆಜ್ಜಾರ್ಲೆಗಳು ತೇಲುತ್ತಿದ್ದುವು. "ಅದರಲ್ಲಿ ಅಪ್ಪ ಯಾವುದು, ಅಮ್ಮ ಯಾವುದು?" ಎಂದು ನಡುವಿನವಳು ಕೇಳಿದಳು. ನಮಗೆ ತಿಳಿದಿರಲಿಲ್ಲ. ಮನೆಗೆ ಬಂದು ಪುಸ್ತಕ ತೆಗೆದು ನೋಡಿದೆವು. ಗಂಡಿಗೂ ಹೆಣ್ಣಿಗೂ ರೂಪದಲ್ಲಿ ಹೆಚ್ಚು ಭೇದವಿಲ್ಲ; ಎರಡೂ ಸರದಿಯ ಮೇಲೆ ಮೊಟ್ಟೆಗೆ ಕಾವು ಕೊಡುತ್ತವೆ, ಎರಡೂ ಮರಿಗಳಿಗೆ ಉಣಿಸುತ್ತವೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಅವು ಊರೊಳಗಿನ ಮರಗಳ ಮೇಲೆಯೇ ಗೂಡು ಕಟ್ಟಿ ಮರಿಮಾಡುತ್ತವೆ. ಇದನ್ನು ಕೇಳಿ ಹುಡುಗಿಯು, "ಅಪ್ಪನೂ ಪಾಪೂಗೆ ತಿನ್ನಿಸತ್ತಾ? ನಿನ್ನ ಥರ!" ಎಂದಳು. ಜೀವಮಾನದಲ್ಲಿ ನಮಗೆ ದೊರೆತ ಪ್ರಶಂಸಾಪತ್ರಗಳಲ್ಲಿ ಇದೊಂದನ್ನು ಮಾತ್ರ ಕಟ್ಟುಹಾಕಿಸಿ ಗೋಡೆಗೆ ತೂಗಹಾಕಬೇಕೆನಿಸಿತು.

ಹೀಗೆ ನಾವು ಒಳ್ಳೆಯ ತಂದೆಯಾದೆವೆಂಬ ಹೆಮ್ಮೆಯು ಮೆಲ್ಲನೆ ತಲೆಯೆತ್ತುತ್ತಿದ್ದ ಕಾಲದಲ್ಲಿಯೇ ನವರಾತ್ರಿ ಬಂದಿತು.

ನಮ್ಮ ಮೈಸೂರಿನ ಮನೆಗಳಲ್ಲಿ ಬೊಂಬೆ ಕೂರಿಸುವ ಸಡಗರವನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ. ಮೆಟ್ಟಿಲುಗಳನ್ನು ಜೋಡಿಸಿ, ಬಿಳಿಯ ಪಂಚೆ ಹಾಸಿ, ಮೇಲಿನ ಮೆಟ್ಟಿಲಿನಲ್ಲಿ ಪಟ್ಟದ ಬೊಂಬೆಗಳನ್ನು ಇಟ್ಟದ್ದಾಗಿತ್ತು. ಹಿರಿಯವಳೂ ನಡುವಿನವಳೂ ಚನ್ನಪಟ್ಟಣದ ಸಣ್ಣ ಬೊಂಬೆಗಳನ್ನು ಕೆಳಗಿಟ್ಟುಕೊಂಡು ಸಂಸಾರದ ಆಟವಾಡುತ್ತಿದ್ದರು. ನಾವು ಪಕ್ಕದ ಕೋಣೆಯಲ್ಲಿ ಪತ್ರಿಕೆ ಓದುತ್ತಿದ್ದೆವು. ಆಟದಲ್ಲಿ ತಾಯಿ ಬೊಂಬೆಗೆ ಮಗುವಾಯಿತು. ತಂದೆ ಬೊಂಬೆಯನ್ನು ಕೈಯಲ್ಲಿ ಹಿಡಿದಿದ್ದ ಹಿರಿಯವಳು ಗಂಡುದನಿಯನ್ನು ತಂದುಕೊಂಡು ಹೇಳಿದಳು:

"ಇದೂ ಹೆಣ್ಣು. ಅಜ್ಜಿಗೆ ಹೇಳು."

ಹೇಳಿ, ಆ ಪುಟ್ಟ ಬೊಂಬೆಯನ್ನು ತೆಗೆದು ಉಳಿದುವುಗಳ ಹಿಂದೆ ಇಟ್ಟಳು.

ನಮ್ಮದೇ ಮಾತು, ನಮ್ಮದೇ ಧಾಟಿ, ಆ ದೀರ್ಘಸ್ವರ ಸಹಿತವಾಗಿ! ನಾವು ಎದ್ದು ಹೋಗಿ ಅವರ ಪಕ್ಕದಲ್ಲಿ ನೆಲದ ಮೇಲೆ ಕುಳಿತೆವು. "ಹಾಗೆ ಯಾರು ಹೇಳುತ್ತಾರೆ, ಮಗು?" ಎಂದು ಕೇಳಿದೆವು.

"ನೀನೇ ಹೇಳಿದೆಯಲ್ಲ ಅಪ್ಪ, ಫೋನಿನಲ್ಲಿ" ಎಂದಳು. ಆಕ್ಷೇಪಣೆಯ ಧ್ವನಿಯೇನೂ ಇರಲಿಲ್ಲ. ಮಳೆ ಬಂತೆಂದು ಹೇಳುವ ಹಾಗೆ ಹೇಳಿದಳು. ಆಮೇಲೆ, "ನಾನು ಹುಟ್ಟಿದಾಗ ಏನಂದೆ?" ಎಂದು ಕೇಳಿದಳು.

"ಹೆಣ್ಣುಮಗು ಅಂದೆ. ಎಲ್ಲರಿಗೂ ಸಕ್ಕರೆ ಹಂಚಿದೆ."

"ಇವಳು ಹುಟ್ಟಿದಾಗ?"

ನಡುವಿನವಳು ಆಟವನ್ನು ನಿಲ್ಲಿಸಿ ನಮ್ಮ ಮುಖವನ್ನೇ ನೋಡುತ್ತಿದ್ದಳು. ಸುಳ್ಳು ಹೇಳುವುದು ಬಹಳ ಸುಲಭವಾಗಿತ್ತು. ಆದರೆ ಹೇಳಿದ್ದರೆ ಹಿರಿಯವಳಿಗೆ ಅದು ತಿಳಿಯದೆ ಇರುತ್ತಿರಲಿಲ್ಲ. "ಆಗಲೂ ಹಾಗೆಯೇ ಅಂದಿರಬೇಕು. ತಪ್ಪು ಮಾಡಿದೆ. ಹಾಗೆ ಅನ್ನಬಾರದಾಗಿತ್ತು. ಅಪ್ಪನಿಗೆ ಬುದ್ಧಿ ಸಾಲದೆ ಹೋಯಿತು" ಎಂದೆವು. ಒಂಬತ್ತು ವರ್ಷದ ಮಗಳ ಮುಂದೆ ತಪ್ಪೊಪ್ಪಿಕೊಳ್ಳುವುದು ಮೇಲಧಿಕಾರಿಯ ಮುಂದೆ ಒಪ್ಪಿಕೊಳ್ಳುವುದಕ್ಕಿಂತ ಕಷ್ಟವೆಂದು ನಮಗೆ ಆಗ ತಿಳಿಯಿತು.

ನಡುವಿನವಳು ಸ್ವಲ್ಪ ಯೋಚಿಸಿ, "ಪಾಪು ದೊಡ್ಡವಳಾದರೆ ಅಳಗುಳಿಮಣೆಗೆ ನಾವು ಮೂರು ಜನ ಆಗ್ತೀವಿ. ಒಬ್ಬರು ಸುಮ್ಮನೆ ಕೂರಬೇಕಾಗತ್ತೆ. ನೀನೂ ಬಂದರೆ ಎರಡು ಜೋಡಿ ಆಗತ್ತೆ" ಎಂದಳು. ಅವಳ ಮಟ್ಟಿಗೆ ನಮ್ಮ ಅಪರಾಧಕ್ಕೆ ಅದೇ ಶಿಕ್ಷೆ, ಅದೇ ಕ್ಷಮೆ.

ಬಾಗಿಲಲ್ಲಿ ನಮ್ಮ ತಾಯಿಯವರು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ತಿಳಿಯದು. ಕಿರಿಯವಳು ಹುಟ್ಟಿದಾಗ ಮನೆಯಲ್ಲಿ ಮೊದಲು ನಿಟ್ಟುಸಿರಿಟ್ಟವರು ಅವರೇ. ಆ ರಾತ್ರಿ ಮಕ್ಕಳು ಮಲಗಿದ ಮೇಲೆ, ಹೂ ಕಟ್ಟುತ್ತ ಕುಳಿತಿದ್ದವರು ತಲೆಯೆತ್ತದೆ ಹೇಳಿದರು: "ನಾನು ನಾಲ್ಕನೆಯವಳು ಕಣಪ್ಪ. ನಾನು ಹುಟ್ಟಿದಾಗ ನಮ್ಮಪ್ಪ ಮೂರು ದಿನ ತೊಟ್ಟಿಲ ಕಡೆಗೆ ಬರಲಿಲ್ಲವಂತೆ. ನನ್ನ ದೊಡ್ಡಮ್ಮ ಯಾವಾಗಲೋ ನಗುನಗುತ್ತಾ ಹೇಳಿದಳು. ಆಮೇಲೆ ಅಪ್ಪ ನನ್ನನ್ನು ಚೆನ್ನಾಗಿಯೇ ನೋಡಿಕೊಂಡ. ಆದರೂ ಆ ಮೂರು ದಿನ ಮರೆಯಲಿಲ್ಲ ನೋಡು."

ಎಪ್ಪತ್ತೆರಡು ವರ್ಷ ವಯಸ್ಸಿನ ತಾಯಿಯ ಬಾಯಿಂದ ಈ ಮಾತನ್ನು ನಾವು ಮೊದಲ ಬಾರಿಗೆ ಕೇಳಿದೆವು. ಅವರು ನೋಡದ, ನೆನಪಿಲ್ಲದ ಮೂರು ದಿನಗಳು ಅವರೊಡನೆ ಇಷ್ಟು ದೂರ ಬಂದಿದ್ದುವು. ಹಾಗಾದರೆ ನಮ್ಮ "ಇದೂ" ಎಷ್ಟು ದೂರ ಹೋಗುತ್ತಿತ್ತೋ!

ಈ "ಇದೂ" ಎಂಬುದು ಮಾತಿನಲ್ಲಿಯೇ ನಿಂತರೆ ಮನಸ್ಸಿಗೆ ಗಾಯ. ಕಾರ್ಯಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ನಮ್ಮ ದೇಶದಲ್ಲಿ ಆರು ವರ್ಷದವರೆಗಿನ ಪ್ರತಿ ಸಾವಿರ ಗಂಡುಮಕ್ಕಳಿಗೆ ೧೯೯೧ರ ಜನಗಣತಿಯಲ್ಲಿ ೯೪೫ ಹೆಣ್ಣುಮಕ್ಕಳಿದ್ದರು, ೨೦೦೧ರಲ್ಲಿ ೯೨೭, ೨೦೧೧ರಲ್ಲಿ ಆ ಸಂಖ್ಯೆಯು ೯೨೦ಕ್ಕಿಂತಲೂ ಕೆಳಗಿಳಿಯಿತು. ಕರ್ನಾಟಕದಲ್ಲಿ ೨೦೧೧ರಲ್ಲಿ ೯೪೮ ಇದ್ದಿತು. ಗರ್ಭದಲ್ಲಿರುವ ಶಿಶುವು ಗಂಡೋ ಹೆಣ್ಣೋ ಎಂದು ಪರೀಕ್ಷಿಸಿ ತಿಳಿಸುವುದು ೧೯೯೪ರ ಕಾನೂನಿನಂತೆ ಅಪರಾಧ. ಆದರೂ ಕಾನೂನು ಆಸ್ಪತ್ರೆಯ ಬಾಗಿಲವರೆಗೆ ಬರಬಲ್ಲುದೇ ಹೊರತು ಮನೆಮಂದಿಯ ನಿಟ್ಟುಸಿರಿನೊಳಕ್ಕೆ ಬರಲಾರದು. ಅಲ್ಲಿ ತಂದೆಯೇ ಕಾವಲಿರಬೇಕು.

ಕಾವಲಿದ್ದ ತಂದೆಯರು ನಮ್ಮ ನಾಡಿನಲ್ಲಿ ಇರಲಿಲ್ಲವೆಂದಲ್ಲ. ನಂಜನಗೂಡು ತಿರುಮಲಾಂಬ ಅವರು ಹುಟ್ಟಿದುದು ೧೮೮೭ರಲ್ಲಿ. ಬಾಲ್ಯದಲ್ಲಿಯೇ ಮದುವೆಯಾಗಿ, ಬಾಲ್ಯದಲ್ಲಿಯೇ ವೈಧವ್ಯವನ್ನು ಕಂಡವರು. ಆ ಕಾಲದಲ್ಲಿ ಅಂತಹ ಹೆಣ್ಣುಮಗಳಿಗೆ ಮನೆಯ ಒಂದು ಮೂಲೆಯೇ ಗತಿಯಾಗಿತ್ತು. ಆದರೆ ತಂದೆಯವರು ಮಗಳ ಓದಿಗೆ ಬೆಂಬಲವಾಗಿ ನಿಂತರು. ಅದರ ಫಲವಾಗಿ ೧೯೧೩ರಲ್ಲಿ "ಸತೀಹಿತೈಷಿಣೀ" ಗ್ರಂಥಮಾಲೆಯೂ, ೧೯೧೬ರಲ್ಲಿ "ಕರ್ನಾಟಕ ನಂದಿನಿ" ಎಂಬ ಮಾಸಪತ್ರಿಕೆಯೂ ಆ ಮಗಳ ಕೈಯಿಂದ ಹೊರಟು ಕನ್ನಡದ ಮನೆಗಳನ್ನು ಸೇರಿದುವು. ಕೀರ್ತಿಗೆ ಮಗನೇ ಆಗಬೇಕೆಂಬ ಗಾದೆಗೆ ಇದಕ್ಕಿಂತ ಉತ್ತಮವಾದ ಉತ್ತರ ಬೇಕೇ? ಅದಕ್ಕೂ ಮೊದಲು, ೧೮೮೧ರಲ್ಲಿ, ಮೈಸೂರಿನಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆಯು ಪ್ರಾರಂಭವಾದಾಗ, ನೆರೆಹೊರೆಯವರ ಮಾತಿಗೆ ಅಂಜದೆ ತಮ್ಮ ಹುಡುಗಿಯರನ್ನು ಅಲ್ಲಿಗೆ ಕಳುಹಿಸಿದ ತಂದೆಯರ ಹೆಸರುಗಳನ್ನು ಇಂದು ಯಾರೂ ನೆನೆಯುವುದಿಲ್ಲ. ನಮ್ಮ ಮಕ್ಕಳು ಈಗ ಓದುತ್ತಿರುವುದು ಅವರು ತೆರೆದ ಬಾಗಿಲಿನಿಂದ ಒಳಗೆ ಹೋಗಿಯೇ.

ಬಾಗಿಲು ಒಮ್ಮೆಗೇ ತೆರೆಯಲಿಲ್ಲ. ಮೈಸೂರು ಸಂಸ್ಥಾನವು ೧೮೯೪ರಲ್ಲಿ ಬಾಲ್ಯವಿವಾಹವನ್ನು ತಡೆಯಲು ನಿಬಂಧನೆ ಮಾಡಿದಾಗ ಅದು ನಿಷೇಧಿಸಿದುದು ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನು! ಎಂದರೆ ನಮ್ಮ ಹಿರಿಯವಳ ವಯಸ್ಸಿಗೆ ಆಗ ಅಡ್ಡಿಯಿರಲಿಲ್ಲ. ಹುಣಿಸೆಯ ಬೀಜದಲ್ಲಿ ಭಾಸ್ಕರಾಚಾರ್ಯರ ಲೆಕ್ಕ ಬಿಡಿಸುವ ಈ ಮಗುವನ್ನು ಧಾರೆಯೆರೆದು ಕಳುಹಿಸಬಹುದಾಗಿತ್ತೆಂದು ನೆನೆದರೆ ಎದೆ ನಡುಗುವುದು. ೧೯೨೯ರ ಶಾಸನವು ಹುಡುಗಿಯರಿಗೆ ಹದಿನಾಲ್ಕು ವರ್ಷವೆಂದು ಗೊತ್ತುಮಾಡಿತು. ೧೯೭೮ರಲ್ಲಿ ಅದು ಹದಿನೆಂಟಾಯಿತು.

ಆಸ್ತಿಯ ವಿಷಯವೂ ಹಾಗೆಯೇ. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಎಂಬ ಗಾದೆಯನ್ನು ಈಗ ನ್ಯಾಯಸ್ಥಾನಗಳು ಒಪ್ಪುವುದಿಲ್ಲ. ಹಿಂದೂ ಕುಟುಂಬಗಳಲ್ಲಿ ಪಿತ್ರಾರ್ಜಿತದ ಸ್ವತ್ತಿಗೆ ಮಗನಂತೆಯೇ ಮಗಳೂ ಹುಟ್ಟಿನಿಂದ ಹಕ್ಕುದಾರಳೆಂದು ಕರ್ನಾಟಕದಲ್ಲಿ ೧೯೯೪ರಲ್ಲಿ ತಿದ್ದುಪಡಿಯಾಯಿತು. ಮದುವೆಯಾದವರನ್ನೂ ಸೇರಿಸಿಕೊಂಡು ದೇಶಕ್ಕೆಲ್ಲ ೨೦೦೫ರಲ್ಲಿ ಆಯಿತು. ಆ ತಿದ್ದುಪಡಿಯ ದಿನ ತಂದೆಯು ಬದುಕಿರಲಿ ಇಲ್ಲದಿರಲಿ ಮಗಳ ಹಕ್ಕು ಹೋಗುವುದಿಲ್ಲವೆಂದು ಸುಪ್ರೀಂ ಕೋರ್ಟು ೨೦೨೦ರ ಆಗಸ್ಟ್ ೧೧ರಂದು ತೀರ್ಪಿತ್ತಿತು. ಹೀಗಿದ್ದರೂ "ನನಗೇನೂ ಬೇಡ" ಎಂದು ಹೆಣ್ಣುಮಕ್ಕಳಿಂದ ರುಜು ಹಾಕಿಸಿಕೊಳ್ಳುವ ಮನೆಗಳು ಇಂದಿಗೂ ಕಡಮೆಯಾಗಿಲ್ಲ. ಅರಿಸಿನ ಕುಂಕುಮದ ಜೊತೆಯಲ್ಲಿ ಹಕ್ಕನ್ನೂ ಕೊಡುವುದು ಮುಂದೆ ಗೌರಿಯ ಹಬ್ಬದ ಬಾಗಿನದ ಮರ್ಯಾದೆಯಾಗಲಿ.

ಹಕ್ಕು ದೊಡ್ಡ ಮಾತಾಯಿತು. ಊಟದೆಲೆಯ ಮಾತನ್ನೂ ಆಡಿಬಿಡೋಣ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಹದಿನೈದರಿಂದ ಹತ್ತೊಂಬತ್ತು ವರ್ಷದ ಹುಡುಗಿಯರಲ್ಲಿ ನೂರಕ್ಕೆ ೫೯ ಮಂದಿಗೆ ರಕ್ತಹೀನತೆಯಿರುವುದು. ಎಲ್ಲರಿಗೂ ಬಡಿಸಿ ಮಿಕ್ಕುದನ್ನು ಹೆಣ್ಣುಮಕ್ಕಳು ಉಣ್ಣುವ ಪದ್ಧತಿಗೆ ಇದರಲ್ಲಿ ಪಾಲಿಲ್ಲವೆಂದು ಹೇಳಲಾಗದು. ಸೊಪ್ಪು, ಕಾಳು, ಅದರ ಮೇಲೊಂದಿಷ್ಟು ನಿಂಬೆಯ ರಸ, ಇವುಗಳಿಗೆ ಹೆಚ್ಚು ಹಣ ಬೇಕಾಗಿಲ್ಲ. ಬಡಿಸುವ ಕೈಗೆ ಸಮದೃಷ್ಟಿ ಬೇಕು. ಇನ್ನು ಕೆಲವೇ ವರ್ಷಗಳಲ್ಲಿ ನಮ್ಮ ಹಿರಿಯವಳು ಮೈನೆರೆಯುವಳು. ಆಗ ನಾವು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕುಳಿತುಕೊಳ್ಳಬಾರದು, ಬೇಕಾದುದನ್ನು ಅಂಗಡಿಯಲ್ಲಿ ನಾವೇ ಕೇಳಿ ತರಬೇಕೆಂದು ನಿಶ್ಚಯಿಸಿರುವೆವು. ಜಡೆ ಹೆಣೆದ ಕೈಗೆ ಅದರಲ್ಲಿ ಸಂಕೋಚವೇಕೆ?

ವಿಜಯದಶಮಿಯ ಹಿಂದಿನ ಸಂಜೆ ನೆರೆಯ ಮಕ್ಕಳೆಲ್ಲ ಬೊಂಬೆ ನೋಡಲು ಬಂದಿದ್ದರು. ಬೊಂಬೆ ಬಾಗಿನಕ್ಕೆಂದು ಮನೆಯಾಕೆಯು ಮಾಡಿದ್ದ ಕೊಬ್ಬರಿಮಿಠಾಯಿಯನ್ನು ಹಂಚಿದ್ದಾಯಿತು. ಅವರೆಲ್ಲರೂ ಹೋದ ಮೇಲೆ ನಮ್ಮ ತಾಯಿಯವರು ಮೂರು ಮಣೆಗಳನ್ನು ಸಾಲಾಗಿ ಹಾಕಿದರು. "ಬನ್ನಿ, ಕೂತ್ಕೊಳ್ಳಿ" ಎಂದು ಮೊಮ್ಮಕ್ಕಳನ್ನು ಕರೆದರು. ಹಿರಿಯವಳು, ನಡುವಿನವಳು, ಅವರಿಬ್ಬರ ನಡುವೆ ಒಂದು ಮಣೆಯ ಮೇಲೆ, ಅಕ್ಕನ ಕೈ ಹಿಡಿದುಕೊಂಡು ಕಿರಿಯವಳು. ತಾಯಿಯವರು ತಟ್ಟೆಯಲ್ಲಿ ಬತ್ತಿ ಹಚ್ಚಿದರು.

"ಅಜ್ಜಿ, ಆರತಿ ನಾವಲ್ವಾ ಎತ್ತೋದು?" ಎಂದಳು ಹಿರಿಯವಳು.

"ಇವತ್ತು ನಿಮಗೆ ಎತ್ತೋದು" ಎಂದು ತಾಯಿಯವರು ಹೇಳಿ, ತಟ್ಟೆಯ ಒಂದು ಕಡೆಯನ್ನು ನಮ್ಮ ಕಡೆಗೆ ಚಾಚಿದರು. "ಹಿಡಿಯಪ್ಪ, ನೀನೂ ಹಿಡಿ."

ಗಂಡಸರು ಆರತಿಯ ತಟ್ಟೆ ಹಿಡಿಯುವ ಅಭ್ಯಾಸವಿಲ್ಲ. ನಮ್ಮ ಕಡೆ ವಾಲಿ ಒಂದು ಬತ್ತಿಯು ನಂದಿತು. ನಡುವಿನವಳು, "ಅಪ್ಪಾ, ಪಾಪೂದು ಹೋಯ್ತು, ಹಚ್ಚು!" ಎಂದು ಕೂಗಿದಳು. ತಟ್ಟೆಯನ್ನು ಕೆಳಗಿಟ್ಟು, ಮೂರನೆಯ ಬತ್ತಿಯನ್ನು ಮತ್ತೆ ಹಚ್ಚಿ, ಈ ಸಲ ನೆಟ್ಟಗೆ ಹಿಡಿದುಕೊಂಡೆವು.